1366: ಎಂಟರಿಂದ ಭಾಗವಾಗದ ಅಗಲ

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಕೋಟಿ ಮೀರಿದ ಸಾಲುಗಳ ನಡುವೆ ಒಂದು ಪುಟ್ಟ ಫಂಕ್ಷನ್ ಇದೆ. ಪರದೆಯೊಂದು ತನ್ನ ಅಗಲ 1368 ಪಿಕ್ಸೆಲ್, ಎತ್ತರ 768 ಪಿಕ್ಸೆಲ್ ಎಂದು ಹೇಳಿಕೊಂಡರೆ ಅಗಲವನ್ನು 1366ಕ್ಕೆ ತಿದ್ದುವುದಷ್ಟೇ ಅದರ ಕೆಲಸ. ಪಕ್ಕದಲ್ಲೇ ಕಾರಣವನ್ನೂ ಬರೆದಿದ್ದಾರೆ: 1366 ಎಂಟರಿಂದ ಭಾಗವಾಗುವುದಿಲ್ಲ, ಹಾಗಾಗಿ ಹಳೆಯ ಸೂತ್ರಗಳಲ್ಲಿ ಅದನ್ನು ಹೇಳಲು ಬರುವುದಿಲ್ಲ. ಜಗತ್ತಿನ ಅಸಂಖ್ಯ ಟಿ.ವಿ.ಗಳ ಮತ್ತು ಲ್ಯಾಪ್‌ಟಾಪ್‌ಗಳ ನಿಜವಾದ ಅಗಲವೇ 1366. ಅಷ್ಟು ಸಾಮಾನ್ಯವಾದ ಅಳತೆಯನ್ನು ಪರದೆಯೇ ಸರಿಯಾಗಿ ಹೇಳಲಾರದೆ, ಕಂಪ್ಯೂಟರೇ ಊಹಿಸಿ ತಿದ್ದಿಕೊಳ್ಳಬೇಕಾದ ಪರಿಸ್ಥಿತಿ ಹೇಗೆ ಬಂತು? ಅದನ್ನು ತಿಳಿಯಬೇಕಾದರೆ ಕಂಪ್ಯೂಟರಿಗೂ ಟಿ.ವಿ.ಗೂ ಇರುವ ಸುಮಾರು ಐವತ್ತು ವರ್ಷಗಳ ಸಂಬಂಧವನ್ನು ನೋಡಬೇಕು. ಜೊತೆಯಾಗಿ ಶುರುಮಾಡಿ, ಬೇರೆಯಾಗಿ, ಮತ್ತೆ ಒಂದೇ ಗಾಜಿನ ಹಿಂದೆ ಬಂದು ಸೇರಿದ ಎರಡು ಯಂತ್ರಗಳ ಕಥೆ ಇದು.

ಮೊದಮೊದಲು ಮನೆಗೆ ಬಂದ ಕಂಪ್ಯೂಟರುಗಳಿಗೆ ಸ್ವಂತ ಪರದೆ ಇರಲಿಲ್ಲ. ಪರದೆ ಎಂದರೆ ಹಜಾರದ ಟಿ.ವಿ.ಯೇ. 1977ರಲ್ಲಿ ಬಂದ ಆ್ಯಪಲ್ 2 ಯಂತ್ರವನ್ನು ಟಿ.ವಿ.ಯ ಆಂಟೆನಾ ಕಿಂಡಿಗೆ ಜೋಡಿಸಲು ಮಾಡ್ಯುಲೇಟರ್ ಎಂಬ ಚಿಕ್ಕ ಪೆಟ್ಟಿಗೆ ಬೇಕಿತ್ತು. ರೇಡಿಯೋ ಅಡಚಣೆಯ ಬಗ್ಗೆ ಅಮೆರಿಕದ ನಿಯಮಗಳು ಬಿಗಿಯಾಗಿದ್ದುದರಿಂದ ಆ್ಯಪಲ್ ಅದನ್ನು ಯಂತ್ರದೊಳಗೆ ಇಡಲಿಲ್ಲ. ಬೇರೆ ಕಂಪನಿ ಮಾಡಿದ್ದನ್ನು ಪ್ರತ್ಯೇಕವಾಗಿ ಕೊಳ್ಳಬೇಕಿತ್ತು. 1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಆ ಪೆಟ್ಟಿಗೆಯನ್ನು ತನ್ನೊಳಗೇ ಇಟ್ಟುಕೊಂಡಿತ್ತು. ಟಿ.ವಿ.ಯನ್ನು ಯು.ಎಚ್.ಎಫ್. 36ನೇ ಚಾನೆಲ್ಲಿಗೆ ತಿರುಗಿಸಿದರೆ ಕಂಪ್ಯೂಟರ್ ಒಂದು ಚಾನೆಲ್ಲಿನಂತೆ ಪರದೆಯ ಮೇಲೆ ಬರುತ್ತಿತ್ತು. ಭಾರತದ ಶಾಲೆಗಳಿಗೆ 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಲ್ಲಿ ಬಂದದ್ದು ಬಿಬಿಸಿ ಮೈಕ್ರೋ. ಅದಕ್ಕೂ ಟಿ.ವಿ.ಗೆ ಜೋಡಿಸುವ ಕಿಂಡಿ ಇತ್ತು.

ಸ್ಪೆಕ್ಟ್ರಮ್‌ನ ಚಿತ್ರ ಪರದೆಯನ್ನು ಪೂರ್ತಿ ತುಂಬುತ್ತಿರಲಿಲ್ಲ. ನಡುವಿನ 256×192 ಚುಕ್ಕೆಗಳ ಆಯತದಲ್ಲಿ ಮಾತ್ರ ಅಕ್ಷರ, ಚಿತ್ರ, ಆಟ. ಸುತ್ತಲೂ ಒಂದೇ ಬಣ್ಣದ ಅಗಲವಾದ ಪಟ್ಟಿ. ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಲೋಡ್ ಆಗುವಾಗ ಆ ಪಟ್ಟಿಯಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ, ಆಮೇಲೆ ನೀಲಿ ಮತ್ತು ಹಳದಿ ಗೆರೆಗಳು ಓಡುತ್ತಿದ್ದವು. ಕಮೊಡೋರ್ 64ರಲ್ಲೂ ಇಂಥದೇ ಪಟ್ಟಿ ಇತ್ತು. ಇದು ಅಲಂಕಾರಕ್ಕೆ ಇಟ್ಟದ್ದಲ್ಲ. ಟಿ.ವಿ.ಯ ಅಂಚನ್ನು ನಂಬುವಂತಿರಲಿಲ್ಲ, ಅದಕ್ಕೆ ಇಟ್ಟದ್ದು.

ಡಬ್ಬಾ ಟಿ.ವಿ.ಯಲ್ಲಿ ಎಲೆಕ್ಟ್ರಾನ್ ಕಿರಣವೊಂದು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓಡುತ್ತ ಗಾಜಿನ ಒಳಮೈಯನ್ನು ಬೆಳಗಿಸುತ್ತದೆ. ಭಾರತದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಅದರಲ್ಲಿ ಚಿತ್ರ ಹೊರುವವು ಸುಮಾರು 576. ಕಿರಣ ಎಷ್ಟು ದೂರ ಬಾಗುತ್ತದೆ ಎಂಬುದು ಒಳಗಿನ ಕಾಯಿಲ್‌ಗಳು, ಬಿಡಿಭಾಗಗಳ ವಯಸ್ಸು, ಮನೆಗೆ ಬರುವ ವೋಲ್ಟೇಜ್ ಎಲ್ಲವನ್ನೂ ಅವಲಂಬಿಸಿತ್ತು. ಸಂಜೆ ವೋಲ್ಟೇಜ್ ಇಳಿದಾಗ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುವುದನ್ನು ಕಂಡವರು, ಟಿ.ವಿ.ಯ ಪಕ್ಕ ಸ್ಟೆಬಿಲೈಸರ್ ಇಟ್ಟುಕೊಂಡವರು ಇಂದಿಗೂ ಊರೂರಲ್ಲಿದ್ದಾರೆ. ಕುಗ್ಗಿದರೂ ಕಪ್ಪು ಅಂಚು ಕಾಣಬಾರದೆಂದು ತಯಾರಕರು ಚಿತ್ರವನ್ನು ಮೊದಲೇ ಪರದೆಗಿಂತ ದೊಡ್ಡದಾಗಿ ಬರೆಸುತ್ತಿದ್ದರು. ಒಂದಿಷ್ಟು ಭಾಗ ಚೌಕಟ್ಟಿನ ಹಿಂದೆ ಮರೆಯಾಗುತ್ತಿತ್ತು. ಇದೇ ಓವರ್‌ಸ್ಕ್ಯಾನ್. ಪ್ರಸಾರದವರಿಗೂ ಇದು ಗೊತ್ತಿತ್ತು. ಚಿತ್ರದ ನಡುವಿನ ಶೇ. 90ರಷ್ಟು ಭಾಗದಲ್ಲಿ ಮುಖ್ಯ ಚಲನೆ, ಶೇ. 80ರಷ್ಟು ಭಾಗದಲ್ಲಿ ಅಕ್ಷರಗಳು ಇರಬೇಕೆಂಬ ನಿಯಮವನ್ನು ಅವರು ದಶಕಗಳ ಕಾಲ ಪಾಲಿಸಿದರು.

ಟಿ.ವಿ. ನೋಡುವವರಿಗೆ ಅಂಚು ಹೋದರೆ ನಷ್ಟವಿರಲಿಲ್ಲ. ಕಂಪ್ಯೂಟರಿನಲ್ಲಿ ಅಂಚು ಹೋದರೆ ಸಾಲಿನ ಮೊದಲ ಅಕ್ಷರವೇ ಹೋದಂತೆ. ಮೇಲಾಗಿ ಬಣ್ಣದ ಟಿ.ವಿ. ಸಂಕೇತದಲ್ಲಿ ಸಣ್ಣ ಅಕ್ಷರಗಳು ಕಲಸಿಹೋಗುತ್ತಿದ್ದವು. ಆ್ಯಪಲ್ 2, ಕಮೊಡೋರ್ 64 ಸಾಲಿಗೆ 40 ಅಕ್ಷರಕ್ಕೆ, ಸ್ಪೆಕ್ಟ್ರಮ್ 32ಕ್ಕೆ ತೃಪ್ತಿಪಟ್ಟವು. ಪತ್ರ ಬರೆಯಲು, ಲೆಕ್ಕ ಇಡಲು ಕಚೇರಿಗೆ 80 ಅಕ್ಷರದ ಸಾಲು ಬೇಕಿತ್ತು. 1981ರಲ್ಲಿ ಬಂದ ಐಬಿಎಂ ಪಿಸಿ ಆ ಕೆಲಸಕ್ಕೆಂದೇ ಪ್ರತ್ಯೇಕ ಮಾನಿಟರ್ ಇಟ್ಟುಕೊಂಡಿತು. 1987ರಲ್ಲಿ ಅದೇ ಕಂಪನಿಯ ವಿಜಿಎ ಬಂತು, ಹದಿನೈದು ಪಿನ್ನಿನ ಕನೆಕ್ಟರ್ ಬಂತು, 640×480 ಪಿಕ್ಸೆಲ್ ರೂಢಿಯಾಯಿತು. ಅಲ್ಲಿಂದ ಕಂಪ್ಯೂಟರಿನ ದಾರಿ ಬೇರೆ, ಟಿ.ವಿ.ಯ ದಾರಿ ಬೇರೆ. ಮಾನಿಟರಿನಲ್ಲಿ ಚಿತ್ರದ ಸುತ್ತ ಕಪ್ಪು ಅಂಚು ಉಳಿಯುತ್ತಿತ್ತು, ಅಗಲ, ಎತ್ತರ ಹೊಂದಿಸಲು ಗುಂಡಿಗಳಿರುತ್ತಿದ್ದವು. ಪ್ರತಿ ಪಿಕ್ಸೆಲ್ಲೂ ಕಾಣಲೇಬೇಕೆಂಬ ಶಿಸ್ತು ಅಲ್ಲಿ ಬೆಳೆಯಿತು.

ಇಷ್ಟು ಹೊತ್ತಿಗೂ ಎರಡರ ಆಕಾರ ಒಂದೇ ಆಗಿತ್ತು, 4:3. ಎಡಿಸನ್ನರ ಪ್ರಯೋಗಾಲಯದಲ್ಲಿ ಡಬ್ಲ್ಯು.ಕೆ.ಎಲ್. ಡಿಕ್ಸನ್ 1890ರ ದಶಕದಲ್ಲಿ 35 ಎಂಎಂ ಫಿಲ್ಮಿನ ಒಂದು ಫ್ರೇಮಿಗೆ ನಾಲ್ಕು ರಂಧ್ರಗಳ ಎತ್ತರ ಕೊಟ್ಟದ್ದರಿಂದ ಹುಟ್ಟಿದ ಆಕಾರ ಅದು. ಸಿನಿಮಾದಿಂದ ಟಿ.ವಿ.ಗೆ, ಟಿ.ವಿ.ಯಿಂದ ಮಾನಿಟರಿಗೆ ಇಳಿದು ಬಂತು. ಟಿ.ವಿ. ಮನೆಮನೆಗೆ ನುಗ್ಗಿ ಚಿತ್ರಮಂದಿರಗಳು ಖಾಲಿಯಾಗತೊಡಗಿದಾಗ ಹಾಲಿವುಡ್ ಪರದೆಯನ್ನು ಅಗಲ ಮಾಡಿತು. ಫ್ರಾನ್ಸಿನ ಆನ್ರಿ ಕ್ರೆತಿಯೆನ್ ರೂಪಿಸಿದ್ದ, ಚಿತ್ರವನ್ನು ಅಡ್ಡಕ್ಕೆ ಹಿಂಡುವ ಮಸೂರ ಬಳಸಿ 1953ರಲ್ಲಿ ‘ದಿ ರೋಬ್’ ಸಿನಿಮಾಸ್ಕೋಪಿನಲ್ಲಿ ತೆರೆಕಂಡಿತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ ‘ಕಾಗಜ್ ಕೆ ಫೂಲ್’. ನಿರ್ದೇಶಕ ಗುರುದತ್ ಬೆಂಗಳೂರಿನಲ್ಲಿ ಹುಟ್ಟಿದವರು. ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು. ನಮ್ಮ ದೇಶದ ಅಗಲ ಪರದೆಯ ಮೊದಲ ಅಧ್ಯಾಯದಲ್ಲಿ ಈ ನೆಲದ ಇಬ್ಬರು ಇದ್ದಾರೆಂಬುದು ನೆನಪಿಡಬೇಕಾದ ಮಾತು. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’ದೊಂದಿಗೆ.

ಟಿ.ವಿ.ಯೂ ಅಗಲವಾಗಬೇಕೆಂದು ತೀರ್ಮಾನವಾದಾಗ ಎಷ್ಟು ಅಗಲ ಎಂಬ ಪ್ರಶ್ನೆ ಎದ್ದಿತು. ಜಪಾನಿನ ಎನ್‌ಎಚ್‌ಕೆ ತನ್ನ ಹೈ-ವಿಷನ್ ಪ್ರಯೋಗಗಳಲ್ಲಿ ಮೊದಲು 5:3 ಇಟ್ಟುಕೊಂಡಿತ್ತು. 1980ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಪ್ರಯೋಗಾಲಯದ ಎಂಜಿನಿಯರ್ ಕರ್ನ್ಸ್ ಪವರ್ಸ್ ಇದನ್ನು ಕಾಗದದ ಮೇಲೆ ಬಿಡಿಸಿದರು. ಬಳಕೆಯಲ್ಲಿದ್ದ ಪರದೆಗಳ ಆಕಾರಗಳನ್ನೆಲ್ಲ, 1.33ರಿಂದ ಹಿಡಿದು 2.35ರವರೆಗೆ, ಸಮಾನ ವಿಸ್ತೀರ್ಣದ ಆಯತಗಳಾಗಿ ಮಾಡಿ, ನಡು ಹೊಂದಿಸಿ ಒಂದರ ಮೇಲೊಂದು ಇಟ್ಟರು. ಎಲ್ಲವನ್ನೂ ಒಳಗೊಳ್ಳುವ ಹೊರಗಿನ ಆಯತ ಮತ್ತು ಎಲ್ಲಕ್ಕೂ ಸಾಮಾನ್ಯವಾದ ಒಳಗಿನ ಆಯತ, ಎರಡರ ಪ್ರಮಾಣವೂ ಒಂದೇ ಬಂತು: ಸುಮಾರು 1.77. ಅದೇ 16:9. ಯಾವ ಸಿನಿಮಾವೂ ಆ ಆಕಾರದಲ್ಲಿ ತಯಾರಾಗುತ್ತಿರಲಿಲ್ಲ, ಆದರೆ ಯಾವ ಸಿನಿಮಾ ಹಾಕಿದರೂ ಅದರಲ್ಲಿ ಜಾಗ ಹೆಚ್ಚು ದಂಡವಾಗುತ್ತಿರಲಿಲ್ಲ. ಯಾರ ಪಾಲಿಗೂ ಪೂರ್ತಿ ಅನ್ಯಾಯವಾಗದ, ಬಹಳ ಒಳ್ಳೆಯ ರಾಜಿ. 1990ರ ದಶಕದಲ್ಲಿ ಎಚ್‌ಡಿ ಪ್ರಸಾರದ ಅಳತೆಗಳು 1280×720 ಮತ್ತು 1920×1080 ಎಂದು ನಿಂತವು. ಎರಡೂ ಸರಿಯಾಗಿ 16:9.

ಹಾಗಾದರೆ 1366×768 ಎಲ್ಲಿಂದ ಬಂತು? ಪ್ರಸಾರದ ಯಾವ ಮಾನದಂಡದಲ್ಲೂ ಅದಿಲ್ಲ.

ಅದು ಬಂದದ್ದು ಪ್ಯಾನೆಲ್ ಕಾರ್ಖಾನೆಯಿಂದ. ಐಬಿಎಂ 1990ರಲ್ಲಿ ಎಕ್ಸ್‌ಜಿಎ ತಂದ ಮೇಲೆ ಕಂಪ್ಯೂಟರ್ ಲೋಕಕ್ಕೆ 1024×768 ಒಗ್ಗಿಹೋಗಿತ್ತು. ಎಲ್‌ಸಿಡಿ ಟಿ.ವಿ.ಗಳ ಪ್ಯಾನೆಲ್ಲೂ ಅದೇ 768 ಸಾಲುಗಳನ್ನು ಉಳಿಸಿಕೊಂಡು ಅಗಲವನ್ನು ಮಾತ್ರ 16:9ಕ್ಕೆ ಚಾಚಿತು. 768ನ್ನು ಹದಿನಾರರಿಂದ ಗುಣಿಸಿ ಒಂಬತ್ತರಿಂದ ಭಾಗಿಸಿದರೆ 1365.33. ಪಿಕ್ಸೆಲ್ಲನ್ನು ಮೂರರಲ್ಲಿ ಒಂದು ಪಾಲು ಮಾಡಲು ಬರುವುದಿಲ್ಲವಾದ್ದರಿಂದ 1366. ಒಟ್ಟು ಪಿಕ್ಸೆಲ್ 10,49,088. ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಮೆಗಾ ಎಂದರೆ 10,48,576. ಅದಕ್ಕಿಂತ ಬರೀ 512 ಹೆಚ್ಚು! ಆ ಕಾಲದ 42 ಇಂಚಿನ ಎಷ್ಟೋ ಪ್ಲಾಸ್ಮಾ ಟಿ.ವಿ.ಗಳಂತೂ ಅಗಲವಾದ ಗಾಜಿನ ಮೇಲೆ 1024×768 ಪಿಕ್ಸೆಲ್ಲನ್ನೇ ಇಟ್ಟು, ಒಂದೊಂದು ಪಿಕ್ಸೆಲ್ಲನ್ನೇ ಅಡ್ಡಕ್ಕೆ ಉದ್ದ ಮಾಡಿದ್ದವು.

2005ರ ಜನವರಿಯಲ್ಲಿ ಯುರೋಪಿನ ತಯಾರಕರ ಒಕ್ಕೂಟ ‘ಎಚ್‌ಡಿ ರೆಡಿ’ ಮುದ್ರೆಯನ್ನು ತಂದಿತು. ಅಗಲ ಪರದೆ ಇರಬೇಕು, ಕನಿಷ್ಠ 720 ಸಾಲುಗಳಿರಬೇಕು, 720ಪಿ ಮತ್ತು 1080ಐ ಸಂಕೇತಗಳನ್ನು ಸ್ವೀಕರಿಸಬೇಕು. 768 ಸಾಲಿನ ಟಿ.ವಿ. ಇದರಲ್ಲಿ ಸುಲಭವಾಗಿ ಪಾಸಾಯಿತು. ಆದರೆ ಅದಕ್ಕೆ ಬರುವ ಯಾವ ಚಿತ್ರವೂ ಅದರ ಅಳತೆಗೆ ಹೊಂದುತ್ತಿರಲಿಲ್ಲ. 720 ಸಾಲಿನ ಚಿತ್ರ ಬಂದರೆ ಪ್ರತಿ 15 ಪಿಕ್ಸೆಲ್ಲನ್ನು 16ಕ್ಕೆ ಹಿಗ್ಗಿಸಬೇಕು, 1080 ಬಂದರೆ ಪ್ರತಿ 45ನ್ನು 32ಕ್ಕೆ ಕುಗ್ಗಿಸಬೇಕು. ಕ್ರಿಕೆಟ್ಟಿಗೆ, ಧಾರಾವಾಹಿಗೆ ಇದು ಬಾಧಕವಲ್ಲ, ಕಣ್ಣಿಗೆ ತಿಳಿಯುವುದೂ ಇಲ್ಲ. ಅಕ್ಷರಕ್ಕೆ ಮಾತ್ರ ಪೆಟ್ಟು. ಒಂದೇ ಪಿಕ್ಸೆಲ್ ದಪ್ಪದ ಗೆರೆ ಒಂದು ಕಡೆ ಚೂಪಾಗಿ, ಇನ್ನೊಂದು ಕಡೆ ಎರಡು ಪಿಕ್ಸೆಲ್ಲಿಗೆ ಹರಡಿ ಮಬ್ಬಾಗುತ್ತದೆ. ಕನ್ನಡದ ಪ ಮತ್ತು ಷ ನಡುವೆ ಇರುವ ವ್ಯತ್ಯಾಸ ಒಳಗಿನ ಒಂದು ಗೆರೆ. ‘ರಾಷ್ಟ್ರ’ದಂಥ ಪದದಲ್ಲಿ ಎರಡೆರಡು ಒತ್ತುಗಳು ಕೆಳಗಿನ ಕೆಲವೇ ಪಿಕ್ಸೆಲ್‌ಗಳಲ್ಲಿ ಹಿಡಿಯಬೇಕು. ಇಂಗ್ಲಿಷಿನ ಓದುಗನಿಗೆ ತುಸು ಮಸುಕೆನಿಸುವ ಪರದೆ ಕನ್ನಡದ ಓದುಗನಿಗೆ ಓದಲಾಗದ ಪರದೆಯಾಗುತ್ತದೆ.

ಇದಕ್ಕೆ ಪರಿಹಾರ ಸರಳವಾಗಿ ಕಾಣುತ್ತದೆ. ಕಂಪ್ಯೂಟರ್ ಎಷ್ಟು ಬೇಕಾದರೂ ಪಿಕ್ಸೆಲ್ ಕಳಿಸಬಲ್ಲದು, 1366×768 ಕಳಿಸಿದರಾಯಿತಲ್ಲ? ಇಲ್ಲಿ ಎಂಟರ ಕಟ್ಟುಪಾಡು ಅಡ್ಡ ಬಂತು. ವಿಜಿಎ ಕಾಲದ ಗ್ರಾಫಿಕ್ಸ್ ಚಿಪ್ ಸಾಲಿನ ಉದ್ದವನ್ನು ಪಿಕ್ಸೆಲ್ ಲೆಕ್ಕದಲ್ಲಿ ಇಡದೆ ಅಕ್ಷರಗಳ ಲೆಕ್ಕದಲ್ಲಿ ಇಡುತ್ತಿತ್ತು, ಒಂದು ಅಕ್ಷರದ ಅಗಲ ಎಂಟು ಪಿಕ್ಸೆಲ್. 640 ಎಂದರೆ 80 ಅಕ್ಷರ, 800 ಎಂದರೆ 100, 1024 ಎಂದರೆ 128. 1366 ಎಂದರೆ 170 ಅಕ್ಷರ, ಮೇಲೆ ಆರು ಪಿಕ್ಸೆಲ್. ಆ ಆರಕ್ಕೆ ಜಾಗವಿಲ್ಲ. ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆ 2003ರಲ್ಲಿ ತಂದ ಸಿವಿಟಿ ಸೂತ್ರವೂ ಅಗಲವನ್ನು ಎಂಟರ ಗುಣಕಕ್ಕೇ ಕಟ್ಟಿಹಾಕಿತು. ಇಂದಿಗೂ ಲಿನಕ್ಸ್‌ನಲ್ಲಿ ‘ಸಿವಿಟಿ’ ಆದೇಶಕ್ಕೆ 1366, 768 ಎಂದು ಕೊಟ್ಟರೆ ಅದು 1368ರ ಲೆಕ್ಕವನ್ನೇ ಮುದ್ರಿಸುತ್ತದೆ.

ಇನ್ನೊಂದು ತೊಡಕು ಪರದೆಯ ಕಡೆಯದು. 1994ರಿಂದ ಮಾನಿಟರುಗಳು ಕೇಬಲ್ ಮೂಲಕ ತಮ್ಮ ಪರಿಚಯವನ್ನು ಕಂಪ್ಯೂಟರಿಗೆ ಹೇಳಲು ಶುರುಮಾಡಿದವು. ಇಡಿಐಡಿ ಎಂಬ ಈ ಪರಿಚಯಪತ್ರ 128 ಬೈಟಿನದು. ಅದರಲ್ಲಿ ಸಾಮಾನ್ಯ ರೆಸಲ್ಯೂಶನ್‌ಗಳ ಪಟ್ಟಿಗೆ ಒಂದೊಂದಕ್ಕೆ ಎರಡೇ ಬೈಟ್. ಮೊದಲ ಬೈಟಿನಲ್ಲಿ ಅಗಲವನ್ನು ಎಂಟರಿಂದ ಭಾಗಿಸಿ 31 ಕಳೆದು ಬರೆಯಬೇಕು. 1024ಕ್ಕೆ 97 ಬರುತ್ತದೆ, 1360ಕ್ಕೆ 139, 1368ಕ್ಕೆ 140. 1366ಕ್ಕೆ 139.75. ಬೈಟಿನಲ್ಲಿ ಭಿನ್ನರಾಶಿ ಬರೆಯಲಾಗದು. ಅದೇ ಪತ್ರದ ಬೇರೊಂದು ವಿಭಾಗದಲ್ಲಿ, ವಿವರವಾದ ಟೈಮಿಂಗ್ ಬರೆಯುವಲ್ಲಿ, 1366 ಎಂದು ಸರಿಯಾಗಿ ಬರೆಯಲು ಸಾಧ್ಯವಿತ್ತು. ಆದರೆ ಎಷ್ಟೋ ಟಿ.ವಿ.ಗಳು ಅಲ್ಲಿ ತಮ್ಮ ಪ್ಯಾನೆಲ್ಲಿನ ಅಳತೆ ಹೇಳುವ ಬದಲು ಪ್ರಸಾರದ 720ಪಿ, 1080ಐ ಅಳತೆಗಳನ್ನೇ ಹೇಳಿದವು.

ಪರಿಣಾಮವಾಗಿ 1360×768 ಎಂಬ ಮಧ್ಯಮಾರ್ಗ ಹುಟ್ಟಿತು. ಅಕ್ಕಪಕ್ಕ ಮೂರು ಮೂರು ಪಿಕ್ಸೆಲ್ ಕಪ್ಪಾಗಿ ಬಿಟ್ಟರೆ ಉಳಿದದ್ದೆಲ್ಲ ಒಂದಕ್ಕೊಂದು ಕೂಡುತ್ತದೆ. ಎಚ್‌ಡಿ ರೆಡಿ ಟಿ.ವಿ.ಗಳ ಕೈಪಿಡಿಗಳಲ್ಲಿ ಪಿಸಿ ಕಿಂಡಿಗೆ ಶಿಫಾರಸು ಮಾಡಿದ ಅಳತೆಯಾಗಿ ಅನೇಕ ಕಡೆ ಇದೇ ಕಾಣುತ್ತದೆ. ಅದು ಸಿಗುತ್ತಿದ್ದುದು ಹೆಚ್ಚಾಗಿ 1987ರ ಹಳೆಯ ನೀಲಿ ವಿಜಿಎ ಕಿಂಡಿಯಲ್ಲಿ. 2002ರ ಡಿಸೆಂಬರಿನಲ್ಲಿ ರೂಪುಗೊಂಡ, ಪೂರ್ತಿ ಡಿಜಿಟಲ್ ಆದ, ಚಿತ್ರದ ಜೊತೆ ಧ್ವನಿಯನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್ ಹಾಕಿದರೆ ಕಂಪ್ಯೂಟರಿಗೆ ಹೆಚ್ಚಾಗಿ ಸಿಗುತ್ತಿದ್ದುದು 720ಪಿ, 1080ಐಗಳಂಥ ಪ್ರಸಾರದ ಅಳತೆಗಳು ಮಾತ್ರ, ಅವೂ ಹಿಗ್ಗಿಸಿಯೋ ಕುಗ್ಗಿಸಿಯೋ ಮಬ್ಬಾದವು. ಹೊಸ ಕೇಬಲ್ಲಿಗಿಂತ ಹಳೆಯದರಲ್ಲಿ ಅಕ್ಷರ ಚೂಪಾಗಿ ಕಂಡ ವಿಚಿತ್ರ ಕಾಲ ಅದು.

ಎಚ್‌ಡಿಎಂಐಯೊಂದಿಗೆ ಮರಳಿ ಬಂದ ಇನ್ನೊಂದು ಪೀಡೆ ಓವರ್‌ಸ್ಕ್ಯಾನ್. ಎಲ್‌ಸಿಡಿಯಲ್ಲಿ ಕಿರಣವಿಲ್ಲ, ವೋಲ್ಟೇಜಿಗೆ ಕುಗ್ಗುವ ಚಿತ್ರವಿಲ್ಲ, ಪ್ರತಿ ಪಿಕ್ಸೆಲ್ಲಿಗೂ ಗಾಜಿನ ಮೇಲೆ ಖಾಯಂ ಜಾಗ. ಆದರೂ ತಯಾರಕರು ಬರುವ ಚಿತ್ರದ ಅಂಚನ್ನು ಶೇ. 2ರಿಂದ 5ರಷ್ಟು ಕತ್ತರಿಸಿ, ಉಳಿದದ್ದನ್ನು ಹಿಗ್ಗಿಸಿ ತೋರಿಸುವುದನ್ನು ಬಿಡಲಿಲ್ಲ. ಅನಲಾಗ್ ಕಾಲದ ಪ್ರಸಾರಗಳ ಮೇಲಂಚಿನಲ್ಲಿ ಉಪಶೀರ್ಷಿಕೆಯ ದತ್ತಾಂಶ, ಅರ್ಧ ಗೆರೆ, ಮಿನುಗುವ ಬಿಳಿ ಚುಕ್ಕೆಗಳು ಇರುತ್ತಿದ್ದವು. ಅವು ಕಾಣಬಾರದೆಂಬ ಕಾಳಜಿ ಅವರಿಗಿತ್ತು. ಪ್ರಸಾರಕ್ಕೆ ಅದು ಒಪ್ಪತಕ್ಕ ಕಾರಣ. ಲ್ಯಾಪ್‌ಟಾಪನ್ನು ಜೋಡಿಸಿದವರಿಗೆ ಮಾತ್ರ ಕೆಳಗಿನ ಟಾಸ್ಕ್‌ಬಾರ್ ಮಾಯವಾಗುತ್ತಿತ್ತು, ಕಿಟಕಿ ಮುಚ್ಚುವ ಗುರುತು ಬಲಮೇಲಿನ ಮೂಲೆಯಾಚೆ ಹೋಗಿರುತ್ತಿತ್ತು. ಇದನ್ನು ಸರಿಪಡಿಸಹೊರಟ ಗ್ರಾಫಿಕ್ಸ್ ಕಾರ್ಡಿನವರು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದರು. ಎಚ್‌ಡಿಎಂಐ ಕಂಡರೆ ಟಿ.ವಿ. ಎಂದು ಭಾವಿಸಿ ಎಎಂಡಿಯ ಡ್ರೈವರ್ ಚಿತ್ರವನ್ನು ತಾನೇ ಕುಗ್ಗಿಸಿ ಕಳಿಸುತ್ತಿತ್ತು. ಟಿ.ವಿ. ಕತ್ತರಿಸದೇ ಇದ್ದರೆ ಸುತ್ತಲೂ ಕಪ್ಪು ಅಂಚು, ಕತ್ತರಿಸಿದರೆ ಕುಗ್ಗಿಸಿ ಹಿಗ್ಗಿಸಿದ ಚಿತ್ರ, ಎರಡು ಸಲ ಮಬ್ಬು.

ಪರಿಹಾರದ ಗುಂಡಿ ಬಹುತೇಕ ಟಿ.ವಿ.ಗಳಲ್ಲಿ ಇತ್ತು, ಆದರೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟು ಮೆನುವಿನ ಆಳದಲ್ಲಿ ಹುದುಗಿಸಿದ್ದರು. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’. ಸ್ಯಾಮ್ಸಂಗ್‌ನ ಅನೇಕ ಮಾದರಿಗಳಲ್ಲಿ ಆ ಎಚ್‌ಡಿಎಂಐ ಕಿಂಡಿಯ ಹೆಸರನ್ನೇ ‘ಪಿಸಿ’ ಎಂದು ಬದಲಿಸಿದರೆ ಟಿ.ವಿ.ಯ ವರ್ತನೆಯೇ ಬದಲಾಗುತ್ತಿತ್ತು. ಟಿ.ವಿ.ಗಳು ಬಣ್ಣದ ವಿವರವನ್ನು ಅಡ್ಡಕ್ಕೆ ಅರ್ಧ ಮಾಡಿ ಸಂಸ್ಕರಿಸುವ ರೂಢಿಯಿಂದ ನೀಲಿಯ ಮೇಲಿನ ಕೆಂಪು ಅಕ್ಷರ ಕದಡಿ ಕಾಣುತ್ತಿದ್ದುದು ಕೂಡ ಆ ಒಂದು ಹೆಸರಿನಿಂದ ಸರಿಹೋಗುತ್ತಿತ್ತು. ಕಪ್ಪು, ಬಿಳುಪಿನ ಅಳತೆಯೂ ಬೇರೆ: ಕಂಪ್ಯೂಟರಿಗೆ ಕಪ್ಪು ಎಂದರೆ 0, ಬಿಳುಪು 255. ವಿಡಿಯೋದವರಿಗೆ ಕಪ್ಪು 16, ಬಿಳುಪು 235. ಇಬ್ಬರ ಲೆಕ್ಕ ತಾಳೆಯಾಗದಿದ್ದರೆ ಕಪ್ಪು ಬೂದು ಬಣ್ಣವಾಗುತ್ತದೆ, ಇಲ್ಲವೇ ನೆರಳಿನ ವಿವರಗಳೆಲ್ಲ ಕಪ್ಪಿನಲ್ಲಿ ಮುಳುಗುತ್ತವೆ.

ಹೊಂದಿಸುವ ಕಲೆಯನ್ನು ಕಲಿತವರು ಬಳಕೆದಾರರೇ. ವಿಂಡೋಸ್‌ನಲ್ಲಿ ಪವರ್‌ಸ್ಟ್ರಿಪ್ ಎಂಬ ತಂತ್ರಾಂಶ ಹಾಕಿ ಸ್ವಂತ ರೆಸಲ್ಯೂಶನ್ ಬರೆದರು. ಲಿನಕ್ಸ್‌ನಲ್ಲಿ ಮೋಡ್‌ಲೈನ್ ಎಂಬ ಸಂಖ್ಯೆಗಳ ಸಾಲನ್ನು ಕೈಯಾರೆ ತಿದ್ದಿದರು. 2012ರಲ್ಲಿ ಬಂದ ಅಗ್ಗದ ರಾಸ್‌ಬೆರಿ ಪೈ ಮತ್ತೆ ಟಿ.ವಿ.ಯನ್ನೇ ನೆಚ್ಚಿಕೊಂಡ ಕಂಪ್ಯೂಟರ್. ಅದರ ಕಾನ್ಫಿಗ್ ಕಡತದಲ್ಲಿ ಓವರ್‌ಸ್ಕ್ಯಾನ್ ನಿಲ್ಲಿಸಲು ಒಂದು ಸಾಲು, ರೆಸಲ್ಯೂಶನ್ ಆರಿಸಲು ಒಂದು ಸಂಖ್ಯೆ ಬೇಕಿತ್ತು. 39 ಬರೆದರೆ 1360×768, 81 ಬರೆದರೆ 1366×768 ಸಿಗುತ್ತಿತ್ತು. ಮೊದಲನೆಯದು ಕೆಲಸ ಮಾಡದ ಟಿ.ವಿ.ಯಲ್ಲಿ ಎರಡನೆಯದನ್ನು, ಎರಡನೆಯದು ಒಲ್ಲದ ಟಿ.ವಿ.ಯಲ್ಲಿ ಮೊದಲನೆಯದನ್ನು ಹಾಕಿ ನೋಡುವುದು ಪೈ ಬಳಸುವವರಿಗೆ ರೂಢಿಯಾಯಿತು.

ಪೂರ್ಣ ಎಚ್‌ಡಿ ಟಿ.ವಿ.ಗಳು ಬಂದ ಮೇಲೆ ಪ್ರಸಾರ, ಪ್ಯಾನೆಲ್, ಕಂಪ್ಯೂಟರ್ ಮೂರೂ 1920×1080ರಲ್ಲಿ ಕೂಡಿದವು. 1920 ಎಂಟರಿಂದ ಸಲೀಸಾಗಿ ಭಾಗವಾಗುತ್ತದೆ. (1080 ಮಾತ್ರ ಹದಿನಾರರಿಂದ ಭಾಗವಾಗದೆ ವಿಡಿಯೋ ಸಂಕೋಚನದವರನ್ನು ಕಾಡಿತು. ಅವರು ಒಳಗೆ 1088 ಸಾಲು ಬರೆದು ಎಂಟನ್ನು ಬಿಟ್ಟುಬಿಡುತ್ತಾರೆ.) 3840×2160ರ 4ಕೆ ಅಗಲದಲ್ಲೂ ಎತ್ತರದಲ್ಲೂ 1920×1080ರ ಸರಿಯಾದ ಎರಡುಪಟ್ಟು. ರೆಸಲ್ಯೂಶನ್ನಿನ ಮಟ್ಟಿಗೆ ಜಗಳ ಮುಗಿದಿದೆ ಎನ್ನಬಹುದು.

ಆದರೆ ಭಾರತದಲ್ಲಿ 32 ಇಂಚಿನ ಎಚ್‌ಡಿ ರೆಡಿ ಟಿ.ವಿ. ಇನ್ನೂ ಅಂಗಡಿಯಲ್ಲಿ ಮಾರಾಟವಾಗುತ್ತಿದೆ, ಅದರ ಪ್ಯಾನೆಲ್ ಇಂದಿಗೂ 1366×768. ಹಳೆಯ ಲ್ಯಾಪ್‌ಟಾಪೊಂದನ್ನು ಅಂಥ ಟಿ.ವಿ.ಗೆ ಜೋಡಿಸಿ ಮಕ್ಕಳಿಗೆ ಪಾಠ ತೋರಿಸುವ, ಕನ್ನಡದಲ್ಲಿ ಬರೆದು ಓದುವ ಮನೆಯವರು ಮೊದಲು ರಿಮೋಟ್ ಹಿಡಿದು ಚಿತ್ರದ ಅಳತೆಯ ಮೆನುವಿನಲ್ಲಿ ಓವರ್‌ಸ್ಕ್ಯಾನ್ ನಿಲ್ಲಿಸಿ, ಆ ಕಿಂಡಿಗೆ ಪಿಸಿ ಎಂಬ ಆಯ್ಕೆ ಇದ್ದರೆ ಅದನ್ನು ಕೊಟ್ಟು, ಆಮೇಲೆ ಕಂಪ್ಯೂಟರಿನಲ್ಲಿ 1366 ಅಥವಾ 1360 ಸಿಗುತ್ತದೆಯೇ ನೋಡಲಿ. ಎರಡೂ ಇಲ್ಲದಿದ್ದರೆ, ಟಿ.ವಿ.ಯ ಹಿಂದೆ ವಿಜಿಎ ಕಿಂಡಿ ಇದ್ದಲ್ಲಿ ಅದನ್ನು ಪ್ರಯತ್ನಿಸಲಿ. ತಯಾರಕರಿಗೆ ಕೇಳಬೇಕಾದ್ದು ಒಂದೇ: ಕಂಪ್ಯೂಟರಿನಿಂದ ಬರುವ ಚಿತ್ರದ ಅಂಚಿನಲ್ಲಿ ಮುಚ್ಚಿಡಬೇಕಾದ್ದು ಏನೂ ಇಲ್ಲ, ಎಚ್‌ಡಿಎಂಐಗೆ ಓವರ್‌ಸ್ಕ್ಯಾನನ್ನು ಕಾರ್ಖಾನೆಯಲ್ಲೇ ನಿಲ್ಲಿಸಿ ಕಳಿಸಿ.